ಉಳ್ಳಾಗಡ್ಡಿಯ ಲೆಕ್ಕ, ಜಮಖಾನದ ಬೆಲೆ

ಅರ್ಥಶಾಸ್ತ್ರವೆಂದರೆ ಬಜೆಟ್, ಷೇರುಪೇಟೆ, ಬಡ್ಡಿದರಗಳ ಮಾತು ಎಂಬ ಭಾವನೆ ಬಲವಾಗಿದ್ದರೂ, ಆ ಶಾಸ್ತ್ರದ ಮೂಲಸೂತ್ರಗಳೆಲ್ಲ ಹುಟ್ಟಿದ್ದು ಬೇಕಾದುದು ಬಹಳ, ಇರುವುದು ಸ್ವಲ್ಪ ಎಂಬ ಮನೆಮನೆಯ ಇಕ್ಕಟ್ಟಿನಿಂದಲೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯ ತಿಳಿವಳಿಕೆಗೆ ಅರ್ಥಶಾಸ್ತ್ರಜ್ಞರು ಆಯವ್ಯಯದ ಮಿತಿ ಎಂದು ಹೆಸರಿಟ್ಟಿದ್ದಾರೆ. ಬೆಲೆ ಹೇಗೆ ಹುಟ್ಟುತ್ತದೆ, ಅದು ಯಾವುದಕ್ಕೆ ಕಿವಿಗೊಡುತ್ತದೆ, ಯಾವುದಕ್ಕೆ ಕಿವುಡಾಗುತ್ತದೆ ಎಂಬುದನ್ನು ಅರಿಯಲು ಧಾರವಾಡ ಜಿಲ್ಲೆಯ ನವಲಗುಂದದ ಎರೆಹೊಲ, ಜಮಖಾನದ ಮಗ್ಗ ಮತ್ತು ಮಲಪ್ರಭಾ ಕಾಲುವೆಗಳೇ ಸಾಕು.

ಮುಂಗಾರಿನಲ್ಲಿ ಹೆಸರು ಬಿತ್ತಿದ ಹೊಲದಲ್ಲಿ ಎರಡು, ಎರಡೂವರೆ ತಿಂಗಳಿಗೆ ರಾಶಿ ಮುಗಿದು, ಭೂಮಿ ಹರಗಿ ಹದಮಾಡಿದರೆ, ಹಿಂಗಾರಿನ ಕಡಲೆಗೋ ಬಿಳಿಜೋಳಕ್ಕೋ ಅದು ಸಿದ್ಧವಾಗಿರುತ್ತದೆ. ಉಳ್ಳಾಗಡ್ಡಿ ಹಾಕಿದರೆ ಸುಮಾರು ನಾಲ್ಕು ತಿಂಗಳು ಭೂಮಿ ಅದರ ಕೈಯಲ್ಲೇ ಉಳಿಯುವುದರಿಂದ ಹಿಂಗಾರಿ ಬಿತ್ತನೆಯ ಹದ ತಪ್ಪುವ ಸಂಭವವಿರುತ್ತದೆ. ಆದ್ದರಿಂದ ಉಳ್ಳಾಗಡ್ಡಿಯ ಖರ್ಚೆಂದರೆ ಬೀಜ, ಗೊಬ್ಬರ, ಕಳೆ ತೆಗೆದವರ ಕೂಲಿಯಷ್ಟೇ ಅಲ್ಲ; ಅದಕ್ಕಾಗಿ ಕೈಬಿಟ್ಟ ಕಡಲೆಯೂ ಆ ಲೆಕ್ಕದಲ್ಲಿ ಸೇರಬೇಕು. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆಯ್ಕೆಯ ಈ ಮೌಲ್ಯವನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಇದರ ಜೊತೆಗೆ ಅಪಾಯದ ತೂಕವೂ ಬೇರೆಯಾಗಿದೆ: 2024–25ರ ಹಂಗಾಮಿನಲ್ಲಿ ಹೆಸರಿಗೆ ಕ್ವಿಂಟಲ್‌ಗೆ 8,682 ರೂಪಾಯಿಯ ಬೆಂಬಲ ಬೆಲೆ ಘೋಷಣೆಯಾಗಿತ್ತು, ಉಳ್ಳಾಗಡ್ಡಿ ಆ ಪಟ್ಟಿಯಲ್ಲೇ ಇಲ್ಲ.

ಹೀಗಿದ್ದೂ ಉಳ್ಳಾಗಡ್ಡಿಗೆ ಒಳ್ಳೆಯ ಧಾರಣೆ ಸಿಕ್ಕ ಮರುವರ್ಷ ಅದರ ಬಿತ್ತನೆ ಹೆಚ್ಚುತ್ತದೆ, ಏಕೆಂದರೆ ಬಿತ್ತುವ ದಿನ ರೈತನ ಕಣ್ಣ ಮುಂದಿರುವುದು ಹಿಂದಿನ ವರ್ಷದ ಬೆಲೆ, ಮಾರುವ ದಿನ ಎದುರಾಗುವುದು ಎಲ್ಲರೂ ಅದೇ ಬೆಲೆಯನ್ನು ನಂಬಿ ಬಿತ್ತಿದ್ದರ ಫಲ. ಬೆಲೆ ಬಿದ್ದ ಮೇಲೆ ಬಿತ್ತನೆ ಇಳಿದು, ಮಾಲು ಕಡಿಮೆಯಾಗಿ, ಧಾರಣೆ ಮತ್ತೆ ಏರುತ್ತದೆ. ಈ ಏರಿಳಿತವನ್ನು ರೇಖೆಗಳಲ್ಲಿ ಬರೆದರೆ ಜೇಡನ ಬಲೆಯಂತೆ ಕಾಣುವುದರಿಂದ ನಿಕೋಲಸ್ ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞ 1934ರಲ್ಲಿ ಇದನ್ನು ಜೇಡರ ಬಲೆಯ ಸಿದ್ಧಾಂತವೆಂದು ಕರೆದ. ಬೆಲೆ ಕುಸಿದಾಗ ಗಿರಾಕಿಯ ಕೊಳ್ಳುವಿಕೆಯೂ ಹೆಚ್ಚಿ ರೈತನನ್ನು ಕಾಪಾಡುವುದಿಲ್ಲ. ಒಗ್ಗರಣೆಗೆ ಎರಡು ಗಡ್ಡೆ ಹೆಚ್ಚುವ ಮನೆ, ಧಾರಣೆ ಅರ್ಧವಾಯಿತೆಂದು ನಾಲ್ಕು ಹೆಚ್ಚುವುದಿಲ್ಲ. ಬೆಲೆ ಬದಲಾದರೂ ಬೇಡಿಕೆ ಹೆಚ್ಚು ಕದಲದ ಈ ಗುಣಕ್ಕೆ ಸ್ಥಿತಿಸ್ಥಾಪಕವಲ್ಲದ ಬೇಡಿಕೆ ಎಂದು ಹೆಸರು. ಸಾಲದುದಕ್ಕೆ, ಮಳೆಗಾಲದಲ್ಲಿ ಬೆಳೆದ ಗಡ್ಡೆ ನಾಸಿಕ್ ಕಡೆಯ ಬೇಸಿಗೆಯ ಗಡ್ಡೆಯಂತೆ ತಿಂಗಳುಗಟ್ಟಲೆ ತಾಳುವುದಿಲ್ಲವಾದ್ದರಿಂದ, ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಚೀಲ ತಂದವನಿಗೆ ಕಾಯ್ದು ಮಾರುವ ಅವಕಾಶವೂ ಕಡಿಮೆ.

ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಬಂಡೆಯ ನೆಲವನ್ನು ಹಸಿರಾಗಿಸುವ ರಾಜೀವನನ್ನು ಕಂಡು ಕನ್ನಡ ಪ್ರೇಕ್ಷಕರು ದುಡಿಮೆಗೆ ತಕ್ಕ ಫಲ ಸಿಕ್ಕೇ ಸಿಗುತ್ತದೆಂಬ ನಂಬಿಕೆಯನ್ನು ಮನೆಗೊಯ್ದರು. ದುಡಿಮೆ ಇಳುವರಿಯನ್ನು ಹೆಚ್ಚಿಸುತ್ತದೆ ಎಂಬಷ್ಟಕ್ಕೆ ಅರ್ಥಶಾಸ್ತ್ರವೂ ಒಪ್ಪುತ್ತದೆ. ಆದರೆ ಇಳುವರಿಯ ಬೆಲೆಯನ್ನು ಕಟ್ಟುವುದು ಬೆವರಲ್ಲ, ಕೊಳ್ಳುವವರಿಗೆ ಅದು ಎಷ್ಟು ಬೇಕಾಗಿದೆ ಮತ್ತು ಎಷ್ಟು ವಿರಳವಾಗಿದೆ ಎಂಬುದು.

ವಿರಳತೆಯೊಂದೇ ಇದ್ದರೆ ಸಾಲದೆಂಬುದಕ್ಕೆ ನವಲಗುಂದದ ಜಮಖಾನವೇ ಸಾಕ್ಷಿ. ನಿಲುವು ಮಗ್ಗದಲ್ಲಿ ಹತ್ತಿಯ ಬಣ್ಣದ ನೂಲನ್ನು ಕೈಯಿಂದಲೇ ಹಾಯಿಸಿ, ಹಣಿಗೆಯಂಥ ಲೋಹದ ಪಂಜದಿಂದ ಹೊಡೆದು ಕೂಡಿಸುತ್ತ, ನವಿಲು, ಪಗಡೆಯ ಹಾಸುಗಳನ್ನು ಮೂಡಿಸುವ ಈ ಕೆಲಸ ಶೇಖ್ ಸಯ್ಯದ್ ಸಮುದಾಯದ ಹೆಣ್ಣುಮಕ್ಕಳದು. ಮಗಳಿಗೆ ಕಲಿಸಿದರೆ ಕಸುಬಿನ ಗುಟ್ಟು ಗಂಡನ ಮನೆಗೆ ಹೋದೀತೆಂದು ಅದನ್ನು ಮನೆಯೊಳಗೇ ಕಾಯ್ದುಕೊಂಡು ಬಂದ ರೂಢಿಯೂ ಇದೆ. ಸ್ಪರ್ಧಿಗಳನ್ನು ದೂರವಿಡುವ ಇಂಥ ಏರ್ಪಾಟನ್ನು ಪ್ರವೇಶ ತಡೆ ಎನ್ನುತ್ತಾರೆ. ಗುಟ್ಟೇನೋ ಉಳಿಯಿತು, ಆದರೆ ಗಿರಾಕಿಯ ಮುಂದೆ ಯಂತ್ರದ ಜಮಖಾನ, ಪ್ಲಾಸ್ಟಿಕ್ ಚಾಪೆಗಳೆಂಬ ಬದಲಿ ಸರಕುಗಳು ಬಂದು ಕುಳಿತವು. ಕೈಮಗ್ಗದ್ದು ಯಾವುದು, ಯಂತ್ರದ್ದು ಯಾವುದು ಎಂದು ನೋಡಿ ಹೇಳಲಾರದ ಗಿರಾಕಿ ಎರಡಕ್ಕೂ ಅಗ್ಗದ ಬೆಲೆಯನ್ನೇ ಕೇಳುತ್ತಾನೆ, ಆಗ ಒಳ್ಳೆಯ ಮಾಲೇ ಪೇಟೆಯಿಂದ ಹಿಂದೆ ಸರಿಯುತ್ತದೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಈ ಮಾಹಿತಿ ಅಸಮತೆಯನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ. ಆ ಕೆಲಸಕ್ಕಾಗಿಯೇ 2001ರಲ್ಲಿ ನೊಬೆಲ್ ಗೌರವದಲ್ಲಿ ಪಾಲು ಪಡೆದ. ನವಲಗುಂದದ ಜಮಖಾನಕ್ಕೆ 2011ರಲ್ಲಿ ದೊರೆತ ಭೌಗೋಳಿಕ ಗುರುತು ಈ ಅಸಮತೆಗೆ ಮದ್ದು, ಏಕೆಂದರೆ ಅದು ಊರಿನ ಹೆಸರನ್ನೇ ಖಾತರಿಯ ಮುದ್ರೆಯಾಗಿಸುತ್ತದೆ. ಆದರೆ ಮುದ್ರೆಯನ್ನು ಓದಬಲ್ಲ ಗಿರಾಕಿಯ ತನಕ ಮಾಲು ಮುಟ್ಟದಿದ್ದರೆ ಮದ್ದು ಶೀಸೆಯಲ್ಲೇ ಉಳಿಯುತ್ತದೆ.

ಬೆಲೆಯ ಮಾತು ಸರ್ಕಾರಕ್ಕೂ ಅನ್ವಯಿಸುತ್ತದೆ. ಸಾರ್ವಜನಿಕ ಕಾಮಗಾರಿಯಿಂದ ಯಾರ ಭೂಮಿಯ ಮೌಲ್ಯ ಹೆಚ್ಚಿತೋ ಅವರು ಅದರ ವೆಚ್ಚದಲ್ಲಿ ಪಾಲು ಕೊಡಬೇಕೆಂಬುದು ಲಾಭತತ್ತ್ವ. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನ ಮಲಪ್ರಭಾ ಅಚ್ಚುಕಟ್ಟಿನಲ್ಲಿ ವಿಧಿಸಿದ ಅಭಿವೃದ್ಧಿ ಕರಕ್ಕೆ ಆಧಾರವೂ ಅದೇ ಆಗಿತ್ತು. ಕಾಲುವೆ ನಕ್ಷೆಯಲ್ಲಿದ್ದರೂ ನೀರು ಹರಿಯದ ಹೊಲಗಳಿಗೂ ಕರ ಬಂದಾಗ, ಪಡೆಯದ ಲಾಭಕ್ಕೆ ತೆರುವುದು ಹೇಗೆಂದು ರೈತರು ಕೇಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಆ ಚಳವಳಿ ಗೋಲಿಬಾರ್ ಕಂಡಿತು, ಜೀವಗಳು ಹೋದವು. ಲಾಭತತ್ತ್ವವನ್ನು ಅದರ ಹೆಸರು ಹಿಡಿದು ಹೇಳದಿದ್ದರೂ, ಕರದ ನೋಟಿಸು ಬರೆದವರಿಗಿಂತ ಅದನ್ನು ಸರಿಯಾಗಿ ಓದಿಕೊಂಡಿದ್ದವರು ಆ ರೈತರೇ.