ಕಲ್ಲುಗುಡ್ಡದ ಕಾಲುದಾರಿ

ಗೋಕರ್ಣದ ಕಡಲಂಚಿನ ಬಂಡೆಗಳ ಮೇಲೆ ನಡೆದು ಬಂದವರು, ಒಂದು ಮಗ್ಗುಲಲ್ಲಿ ಅಲೆಗಳೂ ಮತ್ತೊಂದು ಮಗ್ಗುಲಲ್ಲಿ ಹಸುರೂ ಜೊತೆಗೂಡುವ ಆ ದಾರಿಯ ಸೊಬಗನ್ನು ಕೊಂಡಾಡುವರು. ಕೊಪ್ಪಳ ಸೀಮೆಗೆ ಕಡಲಿಲ್ಲ. ಬಂಡೆಯ ದಾರಿಗಳಿಗೆ ಮಾತ್ರ ಬಡತನವಿಲ್ಲ. ಇರಕಲ್ಲಗಡ, ಕೊಪ್ಪಳ, ಗಂಗಾವತಿಗಳ ಗುಡ್ಡಗಳನ್ನು ರಸ್ತೆಯಿಂದಲೇ ನೋಡುವವರು, "ಬರೀ ಕಲ್ಲು, ಏನೂ ಬೆಳೆಯದ ನೆಲ" ಎನ್ನುವುದುಂಟು. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಕಾಲ್ನಡಿಗೆಯೊಂದೇ ತಿಳಿಸಬಲ್ಲುದು.

ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟವನ್ನೇ ನೋಡೋಣ. ಎರಡು ಸಾವಿರ ವರ್ಷಗಳಿಗೂ ಹಿಂದೆ ಜನರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳು ಅದರ ಮೇಲಿವೆ. ಊರವರು ಇವನ್ನು ಮೋರ್ಯರ ಮನೆಗಳೆನ್ನುವರು. ಹೆಬ್ಬಂಡೆಯೊಂದರ ನೆತ್ತಿಯಲ್ಲಿ, ಬಡಿದರೆ ದನಿಗೊಡುವ ಕಲ್ಲಿನ ನಗಾರಿಯುಂಟು. 2021ರಲ್ಲಿ ಈ ಸ್ಥಳವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇಂಥ ದಾರಿಯನ್ನೇರುವವರು ಶಿಲೆಗಳನ್ನು ನೋಡುವಂತೆಯೇ ಗಿಡಗಳನ್ನೂ ನೋಡಬೇಕೆಂಬುದು ನಮ್ಮ ಬಿನ್ನಹ. ಹೊನ್ನಿನಂಥ ಹೂವಿನ ತಂಗಡಿಯ ತೊಗಟೆಯಿಂದ ನಮ್ಮ ಹಿರಿಯರು ತೊಗಲನ್ನು ಹದಗೊಳಿಸುತ್ತಿದ್ದರು. ಬಂದರೆಯ ಎಲೆಯನ್ನು ಮುಟ್ಟಿದರೆ ಬೆರಳಿಗೆ ಅಂಟಾಗುವುದು. ಆ ಅಂಟೇ ಬಿಸಿಲಿನಲ್ಲಿ ಅದರ ನೀರನ್ನು ಕಾಯುವ ಕವಚ. ಬಾರಿ, ಕವಳೆಗಳು ಮುಳ್ಳಿನ ನಡುವೆ ಹಣ್ಣನ್ನಿಡುವುವು. ಆ ಹಣ್ಣು ಮಕ್ಕಳಿಗೆಂತೋ ಕರಡಿಗೂ ಅಂತೆಯೇ ಪ್ರಿಯ; ತಿಂದ ಕರಡಿಯು ಬೀಜವನ್ನು ದೂರಕ್ಕೆ ಒಯ್ದು ಬಿತ್ತುವುದು. ಬಂಡೆಯ ಬಿರುಕಿಗಿಳಿದ ಬೇರುಗಳು ಮಣ್ಣನ್ನು ಹಿಡಿದು, ಮಳೆಯ ನೀರು ಮೆಲ್ಲನೆ ಇಂಗುವಂತೆ ಮಾಡುವುವು.

ಗುಡ್ಡದ ಬುಡದಲ್ಲಿ ಬೇರೊಂದು ಕಥೆ ನಡೆದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ನಮ್ಮ ದೇಶಕ್ಕೆ ಬಂದ ಬಳ್ಳಾರಿ ಜಾಲಿಯು ಕೆರೆಯಂಗಳ, ಹೊಲದ ಬದುಗಳನ್ನೆಲ್ಲ ಆವರಿಸುತ್ತಿದೆ. ಕುರಿಮೇಕೆಗಳು ಅದರ ಕಾಯನ್ನು ತಿಂದು, ಹಿಕ್ಕೆಯೊಡನೆ ಬೀಜವನ್ನು ಹರಡುವುವು. ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಬಡವರ ಒಲೆಗೆ ಅದು ಸೌದೆಯಾಗಿದೆ, ನಿಜ. ಆದರೆ ಅದು ದಟ್ಟವಾಗಿ ಹಬ್ಬಿದೆಡೆಯಲ್ಲಿ ತಂಗಡಿ ಬಾರಿಗಳಿಗೆ ತಾವಿಲ್ಲ. ಗಿಡ ಮರೆಯಾದ ಮೇಲೆ ಅದರ ಹೆಸರೂ, ಹೆಸರಿನೊಡನೆ ಮದ್ದು ಬಣ್ಣಗಳ ತಿಳಿವೂ ಮನೆಗಳಿಂದ ಮರೆಯಾಗುವುವು. ಬೇರಿಲ್ಲದ ಗುಡ್ಡಕ್ಕೆ ಮಣ್ಣೂ ನಿಲ್ಲದು.

ಗೃಹಸ್ಥರು ಮಾಡಬೇಕಾದುದು ಹೆಚ್ಚೇನಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಬುತ್ತಿಯನ್ನೂ ಸಾಕಷ್ಟು ನೀರನ್ನೂ ಕಟ್ಟಿಕೊಂಡು, ದಾರಿ ಬಲ್ಲ ಊರವರೊಬ್ಬರೊಡನೆ ಮಕ್ಕಳನ್ನು ಕರೆದೊಯ್ಯಿರಿ. ಕರಡಿಯ ನಾಡಾದುದರಿಂದ ಬಿಸಿಲೇರಿದ ಬಳಿಕ ಹತ್ತಿ, ಹೊತ್ತಿರುವಾಗಲೇ ಇಳಿಯಿರಿ. ಸಮಾಧಿಯ ಚಪ್ಪಡಿಯ ಮೇಲೆ ಯಾರೂ ಹೆಸರು ಕೆತ್ತದಿರಲಿ. ಒಣಹುಲ್ಲಿನ ಬಳಿ ಬೆಂಕಿ ಬೇಡ. ಮನೆಯಲ್ಲಿ ಅಜ್ಜಿಯಿದ್ದರೆ, ಮಕ್ಕಳು ಕಂಡ ಗಿಡಗಳ ಹೆಸರನ್ನು ಅಂದು ಸಂಜೆ ಆಕೆಯಿಂದಲೇ ಹೇಳಿಸಿರಿ, ಮಕ್ಕಳು ಬರೆದುಕೊಳ್ಳಲಿ. ನಿಮ್ಮ ಹೊಲದ ಬದುವಿನಲ್ಲಿ ಜಾಲಿಯ ಸಸಿ ಎದ್ದರೆ, ಎಳೆಯದಾಗಿರುವಾಗಲೇ ಬೇರುಸಹಿತ ಕೀಳಿರಿ. ಆ ಗುಳಿಯಲ್ಲಿ ಒಂದು ಬಾರಿಯ ಬೀಜವನ್ನಿಡಿರಿ.