ಎರೆಭೂಮಿಯ ಅಡಿಯ ನೀರು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಅಂತರ್ಜಲಕ್ಕೆ ಎರಡು ಬಗೆಯ ಸಂಕಟವಿದೆ. ಕಾಲುವೆ ನೀರು ಸದಾ ನಿಲ್ಲುವ ಗದ್ದೆಗಳ ಅಡಿಯಲ್ಲಿ ಅದು ಮೇಲೇರಿ ಬೇರಿಗೆ ತಾಗುತ್ತದೆ. ಕಾಲುವೆ ಮುಟ್ಟದ ಹೊಲಗಳಲ್ಲಿ ಕೊಳವೆಬಾವಿಯ ಹಿಂದೆ ಕೆಳಕ್ಕೆ ಇಳಿಯುತ್ತದೆ. ಕರೂರು, ಹಚ್ಚೊಳ್ಳಿ, ತೆಕ್ಕಲಕೋಟೆ ಹೋಬಳಿಗಳ ಬೇಸಾಯವನ್ನು ಅರಿಯಲು ಇವೆರಡನ್ನೂ ಒಟ್ಟಿಗೆ ನೋಡಬೇಕು.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ನೆಲದ ತಳ ಗ್ರಾನೈಟ್ ಮತ್ತು ನೈಸ್ ಕಲ್ಲು. ಅದರಲ್ಲಿ ನೀರು ನಿಲ್ಲುವುದು ಮೇಲಿನ ಗರಸಿನ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಗದಿದ್ದರೆ ಎಷ್ಟು ಆಳ ಕೊರೆದರೂ ಖರ್ಚು ಮಾತ್ರ ಉಳಿಯುತ್ತದೆ. ಮೇಲೆ ಹಾಸಿರುವ ಎರೆಮಣ್ಣಿನ ಗುಣವೂ ವಿಚಿತ್ರ: ಬೇಸಿಗೆಯಲ್ಲಿ ಬಾಯಿಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ, ನೆನೆದು ಉಬ್ಬಿದ ಮೇಲೆ ನೀರನ್ನು ಒಳಕ್ಕೆ ಬಿಡುವುದೇ ಕಡಿಮೆ. ಆದ್ದರಿಂದ ಇಂಗುಗುಂಡಿ, ಚೆಕ್ ಡ್ಯಾಂಗಳಿಗೆ ಆಳವಾದ ಎರೆಹೊಲ ತಕ್ಕ ಜಾಗವಲ್ಲ. ಮಸಾರಿ ದಿಬ್ಬಗಳು, ಹಳ್ಳದ ಪಾತ್ರಗಳು, ಗರಸು ಮೇಲೆ ಕಾಣುವ ಕಡೆಗಳೇ ನೀರಿಂಗಿಸಲು ಯೋಗ್ಯ. ವೇದಾವತಿ ನದಿಗೆ ಇಲ್ಲಿ ಹಗರಿ ಎಂದು ಹೆಸರು. ಅದರ ಮರಳೇ ಒಂದು ದೊಡ್ಡ ಜಲಾಶಯ. ಮರಳು ತೆಗೆದಷ್ಟೂ ದಂಡೆಯ ಬಾವಿಗಳಿಗೆ ಆಸರೆ ತಪ್ಪುತ್ತದೆ.

ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ಆದರೆ ವಿಶಾಲ ಎರೆಭೂಮಿಗೆ ನೀರು ತಲುಪಿದ್ದು 1953ರಲ್ಲಿ ತುಂಗಭದ್ರಾ ಜಲಾಶಯ ತುಂಬತೊಡಗಿದ ಮೇಲೆ, ಬಲದಂಡೆಯ ಕಾಲುವೆಗಳ ಮೂಲಕ. ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳೇ ಯೋಜನೆಯ ಮುಖ್ಯ ಲೆಕ್ಕವಾಗಿದ್ದವು. ಆದರೆ ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿತು, ಕೊನೆಭಾಗದ ರೈತರಿಗೆ ನೀರು ಕಡಿಮೆಯಾಯಿತು.

ಭತ್ತದ ಗದ್ದೆಯಿಂದ ಸೋರಿದ ನೀರು ಹೊರಹೋಗಲು ದಾರಿಯಿಲ್ಲದೆ ನೆಲದಡಿ ಏರುತ್ತದೆ. ಜಲಮಟ್ಟ ಒಂದೆರಡು ಮೀಟರಿನೊಳಗೆ ಬಂದಾಗ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲ್ಪದರಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹೊಲ ಸವಳು-ಜವಳಾಗುವುದು ಹೀಗೆ. ಇದಕ್ಕೆ ಮೊದಲ ಮದ್ದು ಬಸಿಗಾಲುವೆ. ಹೂಳು, ಜೊಂಡು ತುಂಬಿದ ಬಸಿಗಾಲುವೆ ಇದ್ದೂ ಇಲ್ಲದಂತೆ. ಸೋಡಿಯಂ ಹೆಚ್ಚಿದ ಮಣ್ಣಿಗೆ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕದಲಿಸುತ್ತದೆ. ಆದರೆ ಕದಲಿದ ಉಪ್ಪು ತೊಳೆದುಹೋಗಲು ಬಸಿಯುವ ದಾರಿ ಬೇಕೇ ಬೇಕು.

ಜಲಮಟ್ಟ ಮೇಲಿರುವ ಕಡೆ ಬಾವಿ ನೀರನ್ನು ಪರೀಕ್ಷಿಸಿ, ಅತಿ ಉಪ್ಪಿಲ್ಲದಿದ್ದರೆ ಕಾಲುವೆ ನೀರಿನೊಂದಿಗೆ ಸರದಿಯಂತೆ ಹಾಯಿಸಬಹುದು. ಆಗ ಜಲಮಟ್ಟವೂ ತಗ್ಗುತ್ತದೆ, ಕಾಲುವೆಯ ನೀರೂ ಮುಂದಿನ ಊರಿಗೆ ಉಳಿಯುತ್ತದೆ. ನಾಟಿಯ ಬದಲು ಕೂರಿಗೆಯಿಂದ ಭತ್ತ ಬಿತ್ತಿದರೆ ಕೆಸರು ಮಾಡುವ ನೀರು ಉಳಿತಾಯವಾಗುತ್ತದೆ; ಕಳೆಯ ಕಾಟ ಮಾತ್ರ ಹೆಚ್ಚು. ಕಾಲುವೆಯ ಆಚೆಗಿನ ಹೊಲಗಳಿಗೆ ಬದು, ಕೃಷಿಹೊಂಡ, ಹನಿ ನೀರಾವರಿ ಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ನೀರನ್ನು ಇಂಗಿಸದು, ಆದರೆ ಕೊಳವೆಬಾವಿಯ ಮೇಲಿನ ಹೊರೆ ಇಳಿಸುತ್ತದೆ.

ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳಿನಿಂದಾಗಿ ಈಗ ಸುಮಾರು 105. ಕಾಲುವೆ ಕೈಕೊಟ್ಟ ವರ್ಷ ಎಲ್ಲರೂ ತಿರುಗುವುದು ನೆಲದಡಿಯ ನೀರಿನ ಕಡೆಗೇ. ಹೊಸ ಕೊಳವೆಬಾವಿ ಕೊರೆಸುವ ಮೊದಲು ಊರಿನ ಬಸಿಗಾಲುವೆಯನ್ನೂ ಹಳ್ಳವನ್ನೂ ದುರಸ್ತಿ ಮಾಡಿಸುವ ಕೆಲಸ ಗ್ರಾಮಸಭೆಯ ಮುಂದೆ ಬರಬೇಕು.