ಗದ್ದಕ್ಕೆ ಬಿದ್ದ ಪೆಟ್ಟು, ಕಿವಿಯ ಬಳಿ ಮುರಿದ ಮೂಳೆ

ಗದ್ದ ಒಡೆದುಕೊಂಡು ಬಂದವರಿಗೆ ನಾವು ರಕ್ತ ಒರೆಸಿ ಅರಿಶಿನ ಮೆತ್ತುತ್ತೇವೆ, ಇಲ್ಲವೇ ಎರಡು ಹೊಲಿಗೆ ಹಾಕಿಸಿಕೊಂಡು ಬರುತ್ತೇವೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ ಸೋದರಿಯರೇ. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯುದ್ದಕ್ಕೂ ಸಾಗಿ ಕಿವಿಯ ಮುಂದಿನ ಕೀಲಿಗೆ ತಾಕುತ್ತದೆ. ಅಲ್ಲಿ ಮೂಳೆಯ ಕತ್ತು ಸಣ್ಣದು. ಪಟ್ಟನೆ ಮುರಿಯುವುದು ಅದೇ.

ನಮ್ಮ ಹೊಳಲಿನಂಥ ಊರುಗಳಲ್ಲಿ ಇಂಥ ಪೆಟ್ಟಿಗೇನು ಬರವೇ? ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವ ನಾವು, ಕಬ್ಬಿನ ಗಾಡಿಗೆ ಜೋತುಬೀಳುವ ಹುಡುಗರು, ಬಚ್ಚಲಲ್ಲಿ ಜಾರುವ ಅಜ್ಜಿಯರು. ಗದ್ದ ಮುಚ್ಚದ ಅರ್ಧ ಹೆಲ್ಮೆಟ್ಟು ಇಲ್ಲಿ ಕಾಪಾಡುವುದಿಲ್ಲ.

ಗುರುತು ಹೀಗೆ: ಕಿವಿಯ ಮುಂದೆ ನೋವು, ಊತ, ಹಲ್ಲು ಮೊದಲಿನಂತೆ ಕೂಡುವುದಿಲ್ಲ, ಬಾಯಿ ತೆರೆದರೆ ಗದ್ದ ಪೆಟ್ಟಾದ ಕಡೆಗೆ ವಾಲುತ್ತದೆ, ಕೆಲವರಿಗೆ ಕಿವಿಯಿಂದ ರಕ್ತ. ಎಣ್ಣೆ ಹಾಕಿ ನೀವಿಸಲು ಹೋಗಬೇಡಿ. ಎಕ್ಸರೆ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸಿ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಮೂಳೆ ಹೆಚ್ಚು ಜರುಗದಿದ್ದರೆ ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿ ಅಥವಾ ರಬ್ಬರಿನಿಂದ ಕೆಲದಿನ ಕಟ್ಟಿ, ಆಮೇಲೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸುತ್ತಾರೆ. ಮೂಳೆ ಬಹಳ ಜರುಗಿದ್ದರೆ, ಹಲ್ಲು ಕೂಡದಿದ್ದರೆ ಆಪರೇಷನ್. ಅದರಲ್ಲಿ ಎರಡು ಬಗೆ.

ಮೊದಲನೆಯದು ತೆರೆದ ಆಪರೇಷನ್. ಕಿವಿಯ ಮುಂದೆ ಇಲ್ಲವೇ ದವಡೆಯ ಹಿಂದೆ, ಕೆಳಗೆ ಕೊಯ್ದು, ಮೂಳೆ ಕೂಡಿಸಿ, ಟೈಟೇನಿಯಂ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಮುರಿದ ಜಾಗ ವೈದ್ಯರ ಕಣ್ಣಿಗೆ ನೇರವಾಗಿ ಕಾಣುತ್ತದೆ. ಆದರೆ ಮುಖದ ಮೇಲೆ ಗಾಯದ ಗೆರೆ ಉಳಿಯುತ್ತದೆ. ಮುಖದ ಸ್ನಾಯುಗಳನ್ನಾಡಿಸುವ ನರವೂ ಅಲ್ಲೇ ಹಾದುಹೋಗುವುದರಿಂದ ಕೆಲವರಿಗೆ ಹುಬ್ಬು, ತುಟಿ ಸೋಲುತ್ತದೆ. ಸಾಮಾನ್ಯವಾಗಿ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ.

ಎರಡನೆಯದು ಎಂಡೋಸ್ಕೋಪ್, ಅಂದರೆ ದುರ್ಬೀನು ಕೊಳವೆಯ ಆಪರೇಷನ್. ಹೆಚ್ಚಾಗಿ ಬಾಯೊಳಗೇ ಕೊಯ್ದು, ಸಣ್ಣ ಕೊಳವೆ ತೂರಿಸಿ, ಪರದೆಯ ಮೇಲೆ ನೋಡುತ್ತಾ ಅದೇ ಪಟ್ಟಿ ಹಾಕುತ್ತಾರೆ. ಸ್ಕ್ರೂ ಹಾಕಲು ಕೆನ್ನೆಯಲ್ಲಿ ಒಂದು ಚಿಕ್ಕ ತೂತು ಬೇಕಾಗಬಹುದು. ಗಾಯದ ಗೆರೆ ಕಡಿಮೆ, ನರದ ಭಯವೂ ಕಡಿಮೆ. ಆದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಸಲಕರಣೆಯೂ ಪಳಗಿದ ಕೈಯೂ ಬೇಕು. ಕೀಲಿನ ತಲೆಯೇ ಒಡೆದಿದ್ದರೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಕತ್ತಿನ ಕೆಳಭಾಗ ಮುರಿದಿದ್ದರೆ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಯಾವುದು ಮೇಲು? ಮೂಳೆ ಸರಿಯಾಗಿ ಕೂಡಿದರೆ ಅಗಿಯುವುದಕ್ಕೆ, ಬಾಯಿ ತೆರೆಯುವುದಕ್ಕೆ ಕೊನೆಗೆ ಎರಡರಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಹೊಸದೆಂಬ ಕಾರಣಕ್ಕೆ ಹಟ ಹಿಡಿಯಬೇಡಿ. "ಮುರಿದದ್ದು ಎಲ್ಲಿ? ಕಟ್ಟಿದರೆ ಸಾಲದೇ? ನಿಮ್ಮ ಕೈ ಯಾವುದರಲ್ಲಿ ಪಳಗಿದೆ ಡಾಕ್ಟರೇ?" ಎಂದು ಸಂಕೋಚವಿಲ್ಲದೆ ಕೇಳಿ.

ಮಕ್ಕಳ ಮೂಳೆ ಬೆಳೆಯುತ್ತಾ ತಾನೇ ತಿದ್ದಿಕೊಳ್ಳುವುದರಿಂದ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಆದರೆ ಅಲಕ್ಷ್ಯ ಮಾಡಿ ವ್ಯಾಯಾಮ ಬಿಟ್ಟರೆ ಕೀಲು ಅಂಟಿಕೊಂಡು ಬಾಯಿ ತೆರೆಯದಂತಾಗಬಹುದು, ಗದ್ದದ ಬೆಳವಣಿಗೆಯೂ ಕುಂಠಿತವಾಗಬಹುದು. ಮಗು ಅತ್ತರೂ ಡಾಕ್ಟರು ಹೇಳಿದ ವ್ಯಾಯಾಮ ಬಿಡಿಸಬೇಡಿ.

ಬಾಯಿ ಕಟ್ಟಿದ್ದಾಗ ರಾಗಿ ಅಂಬಲಿ, ಬೇಳೆಕಟ್ಟು, ಮಜ್ಜಿಗೆ, ನುಣ್ಣಗೆ ರುಬ್ಬಿ ಸೋಸಿದ ಸೊಪ್ಪಿನ ಸಾರು ಕೊಡಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಲಿ. ವಾಂತಿಯಾದರೆ ಉಸಿರು ಕಟ್ಟಬಾರದು. ರಬ್ಬರಿಗೆ ಕತ್ತರಿ, ತಂತಿಗೆ ಕಟಿಂಗ್ ಪ್ಲೇಯರ್ ಕೈಗೆಟುಕುವಂತಿರಲಿ. ಎಲ್ಲಿ ಕತ್ತರಿಸಬೇಕೆಂದು ಮೊದಲೇ ಕೇಳಿ ತಿಳಿದಿರಿ.

ನಮಗೆ ಹತ್ತಿರ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಮೈಸೂರಿನ ಜೆ.ಎಸ್.ಎಸ್. ದಂತ ಕಾಲೇಜು, ಬೆಂಗಳೂರಿನ ಸರ್ಕಾರಿ ದಂತ ಕಾಲೇಜುಗಳಲ್ಲಿ ಮುಖ, ದವಡೆಯ ಶಸ್ತ್ರಚಿಕಿತ್ಸೆಗೇ ವಿಭಾಗವಿದೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಒಯ್ಯಿರಿ; 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖರ್ಚಿಗೆ ನೆರವುಂಟೇ ಎಂದು ವಿಚಾರಿಸಿ. ತಡ ಮಾತ್ರ ಮಾಡಬೇಡಿ. ಓರೆಯಾಗಿ ಕೂಡಿದ ಮೂಳೆಯನ್ನು ಆಮೇಲೆ ತಿದ್ದುವುದು ಬಲು ಕಷ್ಟ.